ಹಿತ್ತಲ ಗಿಡ ಮದ್ದೇ, ಆದರೆ ಹಿತ್ತಲಲ್ಲಲ್ಲ

ನಿನ್ನೆ ಶಿರಸಿ ಹತ್ತಿರ ಗೃಹಪ್ರವೇಶದ ಊಟ. ಅಪ್ಪೆಹುಳಿ ಬಡಿಸುವ ಹೊತ್ತಿಗೆ ಪಕ್ಕದ ಎಲೆಯ ಮಾವ ಎದುರು ಕೂತ ಹುಡುಗಿಗೆ ಶುರು ಮಾಡಿದರು. ಅವಳ ಮಗುವಿಗೆ ರಕ್ತದ ಕ್ಯಾನ್ಸರ್, ಘಟ್ಟ ಇಳಿದು ಓಡಾಟ. "ಎಂತಕ್ಕೆ ತಂಗಿ ಅಷ್ಟು ದುಡ್ಡು ಸುರೀತೆ? ಹಿತ್ಲಲ್ಲೇ ನಿತ್ಯಪುಷ್ಪ ಇದ್ದು. ನಾಲ್ಕೆಲೆ ಅರೆದು ಕುಡಿಸು."

ನನಗೆ ಅನ್ನ ಇಳೀಲಿಲ್ಲ. ನಮ್ಮ ಮಾಣಿಗೂ (ಮಗನಿಗೂ) ಇಂಥದೇ ಚಿಕಿತ್ಸೆ ಆಗಿತ್ತು.

ಹೌದು ಮಾವ, ಮದ್ದು ಆ ಗಿಡದ್ದೇ, ಯಾರು ಇಲ್ಲ ಅಂದರು? ಕೆನಡಾದ ಸಂಶೋಧಕರಾದ ನೋಬಲ್ ಮತ್ತು ಬಿಯರ್ ಸಕ್ಕರೆ ಕಾಯಿಲೆಗೆ ಅಂತ ಈ ಎಲೆ ಪರೀಕ್ಷೆ ಮಾಡಿದರು. ಇಲಿಗಳಲ್ಲಿ ಸಕ್ಕರೆ ಇಳೀಲಿಲ್ಲ, ಬಿಳಿ ರಕ್ತಕಣ ಇಳಿಯಿತು! ಹಾಗೆ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು. ಅದರ ತಮ್ಮ, ಅದೇ ಗಿಡದ ವಿಂಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಆದರೆ 1 ಗ್ರಾಂ ವಿಂಕ್ರಿಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ನಿಮ್ಮ ನಾಲ್ಕೆಲೆಯಲ್ಲಿ ಎಷ್ಟಿದೆ? ಜೊತೆಗೆ ಇನ್ನೇನೇನಿದೆ? ಒರಳಿಗೆ ಅದೆಲ್ಲ ಗೊತ್ತಾಗುತ್ತದಾ?

ಮಾಣಿಗೆ ವಿಂಕ್ರಿಸ್ಟಿನ್ ಕೊಡುವಾಗ ಆಸ್ಪತ್ರೆಯಲ್ಲಿ ನರ್ಸ್ ಆ ಪುಟ್ಟ ಸಿರಿಂಜಿನ ಚೀಟಿಯನ್ನು ಎರಡೆರಡು ಸಲ ಓದುತ್ತಿದ್ದಳು, ಇನ್ನೊಬ್ಬಳನ್ನು ಕರೆದು ಓದಿಸುತ್ತಿದ್ದಳು. ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಗೆ ಹೋದರೆ ಜೀವವೇ ಹೋಗುತ್ತದೆ. ಸರಿಯಾಗಿ ಕೊಟ್ಟರೂ ನರಕ್ಕೆ ಪೆಟ್ಟು. ಮಾಣಿಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ, ಮುಂಗಾಲು ಎತ್ತಲಾಗದೆ ಚಪ್ಪಲಿ ಎಳೆಯುತ್ತಿದ್ದ. ಮಲಬದ್ಧತೆ ಬೇರೆ, ಅದರ ವರ್ಣನೆ ಬೇಡ, ಊಟದ ವಿಷಯದಿಂದ ಶುರು ಮಾಡಿದ್ದೇನೆ.

ದುಡ್ಡಿನ ಮಾತು ಸುಳ್ಳಲ್ಲ. ಈ ಜಿಲ್ಲೆಯಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ರೂಮು ಮಾಡಿ ಕೂರುವುದು ಏನೆಂದು ನನಗೆ ಗೊತ್ತು. ಹಾಗಂತ ಎಲೆ ಅರೀಬೇಕಾ? ಕಷ್ಟ ಅನ್ನಿಸಿದರೆ ಬಸ್ಸಿನ ಖರ್ಚಿಗೆ ಕೊಡಿ ಮಾವ, ಅರೆಯುವುದು ಬೇಡ.

ಕೈ ತೊಳೆಯುವಾಗ ಆ ಹುಡುಗಿ ಹತ್ತಿರ ಬಂದಳು. "ಅಕ್ಕಾ, ಒಂದೇ ಚಮಚ ಕೊಟ್ಟರೆ?"

ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ನಾನೂ ಒಂದು ರಾತ್ರಿ ಅರೆದಿದ್ದೆ. ಮನೆಯವರಿಗೂ ಹೇಳಿರಲಿಲ್ಲ, ಇಲ್ಲೇ ಮೊದಲು ಹೇಳುತ್ತಿದ್ದೇನೆ. ಹಸಿರು ರಸ ಲೋಟದಲ್ಲಿ ಇತ್ತು, ಮಾಣಿ ನಿದ್ದೆಯಲ್ಲಿದ್ದ. ಆ ಚೀಟಿ ಓದುವ ನರ್ಸ್ ನೆನಪಾಗಿ ಅಡಿಕೆ ಮರದ ಬುಡಕ್ಕೆ ಚೆಲ್ಲಿ ಬಂದೆ. ಅವಳಿಗೂ ಅದನ್ನೇ ಹೇಳಿದೆ, ನನ್ನ ನಂಬರ್ ಕೊಟ್ಟೆ.

ಅಷ್ಟೊತ್ತಿಗೆ ಮಾವ ಜಗಲಿಯಲ್ಲಿ ಕವಳ ಹಾಕಿಕೊಂಡು ಇನ್ಯಾರದ್ದೋ ಮಂಡಿನೋವಿಗೆ ಬೇರು ಹೇಳುತ್ತಿದ್ದರು.