ಡಿಕ್ಕಿ ಗಾಜಿನ ಉತ್ತರಕ್ರಿಯೆ

ಮುಂಬೈಯಲ್ಲಿ ಎಸ್‌ಯುವಿಯೊಂದರ ಹಿಂದಿನ ಗಾಜು ಒಡೆದರೆ ಹೌಸಿಂಗ್ ಸೊಸೈಟಿಯವರು ಮೊದಲು ಸ್ಟಿಕ್ಕರಿಗೆ ಸಂತಾಪ ಸೂಚಿಸುತ್ತಾರೆ. "ಛೇ, ಕಟೀಲಮ್ಮನ ಸ್ಟಿಕ್ಕರ್ ಊರಿಂದಲೇ ತಂದದ್ದಲ್ವಾ ಭಾವ?" ಎಂದು ಒಬ್ಬರು. "ಪ್ರೆಸ್ ಅಂತ ಇದ್ದದ್ದೂ ಹೋಯ್ತಲ್ಲ ಮಾರಾಯ್ರೆ, ಇನ್ನು ಟೋಯಿಂಗ್‌ನವರು ಸುಮ್ಮನೆ ಬಿಡ್ತಾರಾ?" ಎಂದು ಇನ್ನೊಬ್ಬರು. ಆ ಗಾಜಿನಲ್ಲಿ ಹಿಂದಿನದು ಏನಾದರೂ ಕಾಣುತ್ತಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಮಾಲೀಕರೇ ಗಾಬರಿಯಾದಾರು. ಗಾಜು ಇರುವುದು ಆಚೆ ನೋಡಲಿಕ್ಕೆ ಎಂಬ ಹಳೆಯ ಕಲ್ಪನೆ ಸಯಾನ್ ಸರ್ಕಲ್ ದಾಟಿ ಈಚೆ ಬಂದದ್ದೇ ಇಲ್ಲ.

ಅದರ ಮೇಲೆ ಇದ್ದದ್ದನ್ನೆಲ್ಲ ಒಮ್ಮೆ ಲೆಕ್ಕ ಹಾಕಿ. ಮೇಲಿನ ಪಟ್ಟಿಯಲ್ಲಿ "ಆಯೀಚಾ ಆಶೀರ್ವಾದ". ನಡುವೆ ದೇವರು. ಎಡಮೂಲೆಯಲ್ಲಿ ಜಾತಿ ಸಂಘದ ಲಾಂಛನ, ಬಲಮೂಲೆಯಲ್ಲಿ ಮಗನ ಶಾಲೆ, ಅದರ ಕೆಳಗೆ ಎರಡೇ ತಿಂಗಳು ಹೋದ ಜಿಮ್ಮು. ಎಲ್ಲದರ ಅಡಿಯಲ್ಲಿ ವಾರ್ಡಿನ "ಭಾವೀ ನಗರಸೇವಕ"ರ ನಗುಮುಖ. ಪಾಲಿಕೆಯ ಅವಧಿ 2022ರ ಮಾರ್ಚಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಪಾಪ ಅವರು ಗಾಜಿನ ಮೇಲೆಯೇ ಬಿಸಿಲಿಗೆ ಬಿಳುಚಿಕೊಂಡರು. ಇಷ್ಟರ ಒಳಮೈಗೆ ಕಪ್ಪು ಫಿಲ್ಮು. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 100ನೆಯ ನಿಯಮ ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕು ಎನ್ನುತ್ತದೆ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮ್ ಅಂಟಿಸಲೇಬೇಡಿ ಎಂದಿತು. ನಮ್ಮ ಗಾಜಿನಲ್ಲಿ ಹಾಯುವುದು ಬೆಳಕಲ್ಲ, ವಶೀಲಿ.

ಹಾಗಾದರೆ ರಿವರ್ಸ್ ತೆಗೆಯುವುದು ಹೇಗೆ? ಅದಕ್ಕೆ ವಾಚ್‌ಮನ್ ಇದ್ದಾನೆ. "ಆನೇ ದೋ, ಆನೇ ದೋ" ಎನ್ನುತ್ತ ಅಂಗೈಯಿಂದ ಗಾಜಿಗೆ ಒಂದು ಪೆಟ್ಟು ಕೊಟ್ಟರೆ ಬನ್ನಿ ಎಂದರ್ಥ, ಎರಡು ಕೊಟ್ಟರೆ ನಿಲ್ಲಿ. 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯವಾಗಿದೆ ನಿಜ. ಆದರೆ ಆ ಸೆನ್ಸರ್ ಕೂತಿರುವುದು ಬಂಪರಿನಲ್ಲಿ. ಎದೆಮಟ್ಟದಲ್ಲಿ ಚಾಚಿಕೊಂಡಿರುವ ನೆಲಮಹಡಿಯವರ ಕಿಟಕಿ ಗ್ರಿಲ್ಲು, ಎಸಿಯ ಹೊರಪೆಟ್ಟಿಗೆ, ಟೆಂಪೋದಿಂದ ಹೊರಬಿದ್ದ ಸರಳು, ಇವು ಅದರ ದೃಷ್ಟಿಗೆ ಬೀಳುವುದೇ ಇಲ್ಲ. ಬಂಪರು ಕ್ಷೇಮ, ಗಾಜು ಢಮಾರ್.

ಒಡೆಯುವ ಬಗೆಗಳಲ್ಲಿ ನಮ್ಮೂರವರ ಸ್ವಂತ ಕೊಡುಗೆಯೂ ಒಂದಿದೆ. ಮೇ ಕೊನೆಗೆ ಊರಿಂದ ಹೊರಟ ಗಾಡಿಯ ಡಿಕ್ಕಿಯನ್ನು ನೋಡಬೇಕು. ಗೋಣಿ ತುಂಬ ತೆಂಗಿನಕಾಯಿ, 25 ಕಿಲೋ ಕುಚ್ಚಲಕ್ಕಿ, ಪುನರ್ಪುಳಿ, ಹಪ್ಪಳದ ಡಬ್ಬ, ಮೇಲಿಂದ ಎರಡು ಹಲಸಿನ ಹಣ್ಣು. ಇದೆಲ್ಲ ಮಾಟುಂಗದಲ್ಲಿ ಸಿಗುವುದಿಲ್ಲವೇ ಎಂದು ಕೇಳಬೇಡಿ. ಸಿಗುತ್ತದೆ, ಆದರೆ ಅದಕ್ಕೆ ನಾವು ಟೋಲ್ ಕಟ್ಟಿರುವುದಿಲ್ಲವಲ್ಲ. ಡಿಕ್ಕಿ ಮುಚ್ಚದಿದ್ದಾಗ ಮಾವ ಬೆನ್ನು ಕೊಟ್ಟು ಒತ್ತುತ್ತಾರೆ. ಹಲಸಿನ ತೊಟ್ಟು ಗಾಜಿನ ಮೂಲೆಗೆ ಆತು ಕೂರುತ್ತದೆ. ಮುಂದಿನದನ್ನು ಹೆದ್ದಾರಿ 66 ನೋಡಿಕೊಳ್ಳುತ್ತದೆ. 2011ರಲ್ಲಿ ಅಗಲೀಕರಣ ಶುರುವಾದ ಆ ರಸ್ತೆ ಪನ್ವೇಲ್ ಮುಟ್ಟಿಸುವಷ್ಟರಲ್ಲಿ ತೊಟ್ಟು ಸಾವಿರ ಸಲ ಗಾಜನ್ನು ಕುಟ್ಟಿರುತ್ತದೆ.

ಹಿಂದಿನ ಗಾಜು ಟೆಂಪರ್ಡ್ ಜಾತಿ. ಕೆಂಪಗೆ ಕಾಯಿಸಿ, ಗಾಳಿ ಬೀಸಿ ಹಠಾತ್ತಾಗಿ ಆರಿಸಿದ್ದು. ಹೊರಮೈ ಬಿಗಿದುಕೊಂಡಿರುತ್ತದೆ, ಒಳಗು ಎಳೆತದಲ್ಲಿರುತ್ತದೆ. ನಡುವೆ ಗುದ್ದಿದರೆ ತಾಳಿಕೊಳ್ಳುವ ಇದೇ ಗಾಜು ಅಂಚಿಗೆ ಸಣ್ಣ ಏಟು ಬಿದ್ದರೆ ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆ. ಮುಂದಿನ ಗಾಜಿನ ಹಾಗೆ ಎರಡು ಪದರ, ನಡುವೆ ಪ್ಲಾಸ್ಟಿಕ್ ಹಾಳೆ ಇದಕ್ಕಿಲ್ಲ. ಹಾಗಾಗಿ ಬಿರುಕಿಗೆ ರಾಳ ತುಂಬಿಸಿ ಒಪ್ಪ ಮಾಡುವ ಮಾತೂ ಇಲ್ಲ, ಬದಲಿಯೇ ಗತಿ. ಅಂಚಿನ ಗಾಯ ಕೆಲವೊಮ್ಮೆ ತಡವಾಗಿ ಫಲ ಕೊಡುತ್ತದೆ. ಇಂದು ತಾಗಿದ್ದು, ನಾಳೆ ಬಿಸಿಲಲ್ಲಿ ನಿಂತಾಗ ಸಿಡಿಯುತ್ತದೆ. "ಯಾರೂ ಮುಟ್ಟಲಿಲ್ಲ, ತನ್ನಿಂತಾನೇ ಒಡೆಯಿತು, ದೃಷ್ಟಿ ಬಿದ್ದದ್ದೇ ಹೌದು" ಎಂಬ ತೀರ್ಮಾನಕ್ಕೆ ಮನೆಮಂದಿ ಬರುತ್ತಾರೆ. ಲಿಂಬೆ ಮೆಣಸು ಕಟ್ಟಿದ್ದು ಮುಂದಿನ ಬಂಪರಿಗೆ, ದೃಷ್ಟಿ ಬಂದದ್ದು ಹಿಂದಿನಿಂದ. ಯೋಜನೆಯಲ್ಲೇ ಲೋಪ.

ಗಾಜು ಹೋದ ಡಿಕ್ಕಿಯ ತೆರೆದ ಬಾಯಿಗೆ ಹಾಲಿನ ಪ್ಯಾಕೆಟ್ಟಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಕಂದು ಪಾರ್ಸೆಲ್ ಟೇಪು. ಈ ಅವತಾರದಲ್ಲಿ ಗಾಡಿ ಜುಲೈ ಮಳೆಯಲ್ಲಿ ಎರಡು ವಾರ ಓಡುತ್ತದೆ. ಹಾಳೆ ಹರಿದರೆ ಗಾಡಿಯ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ಮುಂದಿನ ಕಿಟಕಿ ಸ್ವಲ್ಪ ಇಳಿಸಿ, ಎಸಿಯನ್ನು ಹೊರಗಾಳಿಗೆ ತಿರುಗಿಸಿಕೊಳ್ಳಬೇಕು. ನಮ್ಮವರು ಎಲ್ಲ ಮುಚ್ಚಿ, ತಲೆನೋವಿಗೆ ಅಮೃತಾಂಜನ ಹಚ್ಚಿಕೊಳ್ಳುತ್ತಾರೆ. ಕಂದು ಟೇಪನ್ನು ಬಣ್ಣದ ಮೇಲೆ ಬಿಸಿಲಿಗೆ ಬಿಟ್ಟರೆ ಅದರ ಅಂಟು ಬೇರೆ ಶಾಶ್ವತ ನೆಲೆ ಮಾಡುತ್ತದೆ. ಪೇಂಟಿನವರು ಬಳಸುವ ಮಾಸ್ಕಿಂಗ್ ಟೇಪನ್ನು ಮೊದಲು ಹಾಕಿ ಅದರ ಮೇಲೆ ಇದನ್ನು ಹಾಕಿದರೆ ಆ ತಾಪತ್ರಯವಿಲ್ಲ.

ಎರಡು ವಾರ ಏಕೆ? ಇನ್ಶೂರೆನ್ಸ್ ಕ್ಲೇಮು ಮಾಡುವುದೋ ಬೇಡವೋ ಎಂಬ ಗೋಷ್ಠಿ ನಡೆಯುತ್ತಿರುತ್ತದೆ. ಗಾಜಿಗೆ ಸವಕಳಿ ಕಡಿತ ಇಲ್ಲ, ರಬ್ಬರು ಪ್ಲಾಸ್ಟಿಕ್ಕಿಗೆ ಶೇ 50 ಕಡಿಯುತ್ತಾರೆ. ಇದು ಕಿವಿಗೆ ಬಿದ್ದದ್ದೇ ತಡ, "ಪುಕ್ಕಟೆ ಸಿಗುತ್ತದೆ" ಎಂದು ಎದ್ದು ನಿಲ್ಲುತ್ತಾರೆ. ಗಾಜಿನ ಬಿಲ್ಲು 9,000 ರೂಪಾಯಿ ಎನ್ನಿ. 1500 ಸಿಸಿ ಮೀರಿದ ಗಾಡಿಗೆ ಕಡ್ಡಾಯ ಕಡಿತ 2,000. ಅಂಟು, ಅದಕ್ಕೂ ಮೊದಲು ಹಚ್ಚುವ ಪ್ರೈಮರ್ ಇತ್ಯಾದಿ ಖರ್ಚಾಗಿ ಹೋಗುವ ಸಾಮಾನು, ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ಆ್ಯಡ್-ಆನ್ ರಕ್ಷಣೆ ಇಲ್ಲದಿದ್ದರೆ, ನಿಮ್ಮ ತಲೆಗೇ. ಕೈಗೆ ಬರುವುದು 7,000ಕ್ಕಿಂತ ಕಡಿಮೆ. ಅತ್ತ ಸ್ವಂತ ಹಾನಿಯ ಪ್ರೀಮಿಯಂ 16,000 ಇದ್ದು, ಐದು ವರ್ಷ ಕ್ಲೇಮು ಮಾಡದೆ ಗಳಿಸಿದ ಶೇ 50 ಬೋನಸ್ ಇದ್ದರೆ ಅದು ಸೊನ್ನೆಗೆ ಇಳಿದು ಮುಂದಿನ ವರ್ಷವೊಂದಕ್ಕೇ 8,000 ಹೆಚ್ಚು ಕಟ್ಟಬೇಕು. ಮತ್ತೆ ಶೇ 20ರಿಂದ ಮೆಟ್ಟಿಲು ಹತ್ತಬೇಕು. ಕೆಲವು ಪಾಲಿಸಿಗಳಲ್ಲಿ ಬೋನಸ್ ಉಳಿಸುವ ಆ್ಯಡ್-ಆನ್ ಇರುತ್ತದೆ. ಅದು ಇದೆಯೋ ಇಲ್ಲವೋ ನೋಡಲು ಪಾಲಿಸಿಯ ಕಾಗದ ಬೇಕು, ಅದು ಗಾಡಿಯ ಡಿಕ್ಕಿಯಲ್ಲಿ ಮಳೆಗೆ ನೆನೆದು ಮುದ್ದೆಯಾಗಿದೆ.

ಕಡೆಗೆ ಕುರ್ಲಾದ ಸಿಎಸ್‌ಟಿ ರಸ್ತೆ. ಅಲ್ಲಿ ಹೋಗಿ "ಪೀಛೇ ಕಾ ಕಾಚ್" ಎಂದರೆ ಸಾಲದು. ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆ ಇದೆಯೇ, ವೈಪರಿನ ತೂತು ಗಾಜಿನಲ್ಲಿದೆಯೋ ಡಿಕ್ಕಿಯ ತಗಡಿನಲ್ಲೋ, ಆಂಟೆನಾದ ಎಳೆ ಗಾಜಿನಲ್ಲೇ ಇದೆಯೋ, ಕರೆಂಟಿನ ಟ್ಯಾಬು ಎಡಕ್ಕೋ ಬಲಕ್ಕೋ, ಇಷ್ಟು ಹೇಳಬೇಕು. ಒಂದೇ ಮಾಡೆಲಿನ ಕೆಳದರ್ಜೆಗೆ ಒಂದು ಗಾಜು, ಮೇಲ್ದರ್ಜೆಗೆ ಇನ್ನೊಂದು. 17 ಅಕ್ಷರದ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸುವುದು ಸುರಕ್ಷಿತ. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಎಂಬ ಅಂಕೆ ಇರಬೇಕು. ಗಿರಾಕಿ ಇದ್ಯಾವುದನ್ನೂ ಕೇಳುವುದಿಲ್ಲ. "ಇದರ ಮೇಲೆ ಸ್ಟಿಕ್ಕರ್ ಚೆನ್ನಾಗಿ ನಿಲ್ಲುತ್ತದಾ?" ಎಂದು ಕೇಳುತ್ತಾನೆ. "ಸೇಠ್, ಕಂಪನಿ ಜೈಸಾ ಹೀ ಹೈ" ಎಂಬ ಉತ್ತರ ಸಿಗುತ್ತದೆ. "ಜೈಸಾ" ಎಂಬ ಪದದ ಮೇಲೆ ಆ ರಸ್ತೆಯ ಅರ್ಧ ವ್ಯಾಪಾರ ನಿಂತಿದೆ.

ಮುಂದಿನದು ಅಸ್ಥಿಸಂಚಯನ. ಡಿಕ್ಕಿಯ ಒಳಪ್ಯಾನೆಲ್ ಬಿಚ್ಚಿ, ವೈಪರ್ ತೋಳು, ಮೋಟಾರು, ಮೇಲಿನ ಬ್ರೇಕ್ ದೀಪ ತೆಗೆದು, ವ್ಯಾಕ್ಯೂಮ್ ಹಿಡಿದು ಹರಳುಗಳನ್ನು ಹೆಕ್ಕಬೇಕು. ಪ್ಯಾನೆಲ್ಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ನಾಲ್ಕಾದರೂ ಮುರಿಯುತ್ತವೆ, ಮೊದಲೇ ತಂದಿಡಬೇಕು. ಡಿಕ್ಕಿ ಬಾಗಿಲ ಹೊಟ್ಟೆಯೊಳಗೆ, ಸೀಟಿನ ಹಳಿಯಲ್ಲಿ, ಬೆಲ್ಟಿನ ಬಕಲಿನಲ್ಲಿ, ಸ್ಟೆಪ್ನಿಯ ಗುಳಿಯಲ್ಲಿ, ಎಲ್ಲೆಲ್ಲೂ ಹರಳು. ಬಾಗಿಲ ಅಡಿಯ ನೀರಿಳಿಯುವ ತೂತಿಗೆ ಅವು ಸಿಕ್ಕಿಕೊಂಡರೆ ಮಳೆನೀರು ಒಳಗೇ ನಿಂತು ತುಕ್ಕು. ಎಷ್ಟೇ ಹೆಕ್ಕಿದರೂ ಮುಂದಿನ ಗಣೇಶ ಚೌತಿಗೆ ಬ್ರೇಕ್ ಹಾಕಿದಾಗ ಒಂದು ಹರಳು ಉರುಳಿ ಬಂದು ದರ್ಶನ ಕೊಡುತ್ತದೆ.

ನಂತರ ಅಂಟು. ಇಲ್ಲೇ ಕೆಲಸದ ಪ್ರಾಣ ಇರುವುದು, ಇಲ್ಲೇ ಎಲ್ಲರೂ ಚಹಾಕ್ಕೆ ಹೋಗುವುದು. ಹಳೆಯ ಅಂಟನ್ನು ತಗಡು ಕಾಣುವ ತನಕ ಹೆರೆಯಬಾರದು. ಒಂದೆರಡು ಮಿಲಿಮೀಟರ್ ಉಳಿಸಿ ಸಮತಟ್ಟಾಗಿ ಕತ್ತರಿಸಿದರೆ ಹೊಸ ಪಿಯು, ಅಂದರೆ ಪಾಲಿಯುರೆಥೇನ್ ಅಂಟು, ಅದಕ್ಕೆ ಹಿಡಿಯುವಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಹಿಡಿಯುವುದಿಲ್ಲ. ಚಾಕು ತಾಗಿ ಬಣ್ಣ ಗೀಚಿದ ಕಡೆ ಪ್ರೈಮರ್ ಮುಟ್ಟಿಸದಿದ್ದರೆ ಮುಂಬೈಯ ಉಪ್ಪುಗಾಳಿ ಉಳಿದ ಕೆಲಸ ಮಾಡುತ್ತದೆ. ಗಾಜಿನ ಕಪ್ಪಂಚನ್ನು ಒರೆಸಿ, ಪ್ರೈಮರ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಆರಲು ಬಿಡಬೇಕು. ನಾಝಲ್ ತುದಿಯನ್ನು ವಿ ಆಕಾರಕ್ಕೆ ಕತ್ತರಿಸಿ, ಬುಡ 8 ಮಿಲಿಮೀಟರ್, ಎತ್ತರ 12 ಇರುವ ತ್ರಿಕೋನದ ಎಳೆಯನ್ನು ಸುತ್ತಲೂ ಎಲ್ಲೂ ಕಡಿಯದೆ ಎಳೆಯಬೇಕು. ಹಿಟ್ಟನ್ನು ಮೊಣಕೈಯಿಂದ ಒತ್ತಿ ಚಕ್ಕುಲಿ ಹಿಂಡುವವರು ಈ ಕೆಲಸವನ್ನು ಒಂದೇ ದಿನದಲ್ಲಿ ಕಲಿತಾರು. ಎಳೆ ಮುಗಿದ ಹತ್ತು ನಿಮಿಷದೊಳಗೆ ಇಬ್ಬರು ಸೇರಿ ಹೀರುಬಟ್ಟಲಿನ ಹಿಡಿಕೆ ಹಿಡಿದು ಗಾಜನ್ನು ಕೂರಿಸಬೇಕು. ತಡವಾದರೆ ಎಳೆಯ ಮೇಲೆ ಕೆನೆ ಕಟ್ಟುತ್ತದೆ, ಕೆನೆಗೆ ಗಾಜು ಹಿಡಿಯುವುದಿಲ್ಲ.

ಸುತ್ತಳತೆ ಮೂರೂವರೆ ಮೀಟರ್ ಎಂದಿಟ್ಟುಕೊಂಡರೆ ಈ ಎಳೆಗೆ ಬೇಕಾದ ಅಂಟು ಸುಮಾರು 170 ಮಿ.ಲೀ. ಟ್ಯೂಬಿನಲ್ಲಿರುವುದು 310. ಉಳಿದ 140ರ ಗತಿ? ನಾಝಲಿಗೆ ಒಂದು ಮೊಳೆ ಚುಚ್ಚಿ ಕಪಾಟಿನಲ್ಲಿ ಇಡುತ್ತಾರೆ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟದು. ನಾಳೆ ಬರುವ ಗಿರಾಕಿಯ ಗಾಜು ನಿಲ್ಲುವುದು ಆ ಅರ್ಧ ಗಟ್ಟಿಯಾದ ಮೊಳೆ ಪ್ರಸಾದದ ಮೇಲೆ. ಹೊಸ ಟ್ಯೂಬು ಕಣ್ಣೆದುರೇ ಕತ್ತರಿಸಲಿ, ಅದರ ಮೇಲಿನ ಅವಧಿ ದಿನಾಂಕ ತೋರಿಸಲಿ ಎನ್ನುವ ಗಿರಾಕಿಯನ್ನು ಅಂಗಡಿಯವರು ಪೊಲೀಸನಂತೆ ನೋಡುತ್ತಾರೆ.

ಇದಕ್ಕಿಂತ ಅಗ್ಗದ ಮಾರ್ಗವೂ ಇದೆ, ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್. ಹಚ್ಚುವಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದೇ. ಆ ಹುಳಿ ತಗಡನ್ನು ತಿನ್ನುತ್ತದೆ, ಗಾಜನ್ನು ಹೊರುವ ತಾಕತ್ತು ಅದಕ್ಕಿಲ್ಲ, ಮತ್ತೆ ಮುಂದೆ ಯಾರಾದರೂ ಸರಿಯಾಗಿ ಪಿಯು ಹಾಕಹೊರಟರೆ ಸಿಲಿಕಾನಿನ ಪಸೆ ಅದನ್ನೂ ಹಿಡಿಯಗೊಡುವುದಿಲ್ಲ. ಸೊಸೈಟಿಯ ಟೆರೇಸು ಸೋರುವುದಕ್ಕೂ ಗಾಡಿಯ ಗಾಜು ಸೋರುವುದಕ್ಕೂ ಒಂದೇ ಟ್ಯೂಬು, ಒಂದೇ ಫಲಿತಾಂಶ.

ಡಿಫಾಗರಿನ ಕಂದು ಗೆರೆಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಅವನ್ನು ಅಲಂಕಾರ ಎಂದು ತಿಳಿದವರು ಬಹಳ. ಒಳಮೈಯಲ್ಲಿ ಮುದ್ರಿಸಿದ ಬೆಳ್ಳಿಯ ಹೀಟರು ಅದು. ಟ್ಯಾಬಿಗೆ ವೈರು ಸಿಕ್ಕಿಸಿ, ಸ್ವಿಚ್ ಹಾಕಿ, ಮೀಟರಿನ ಕಡ್ಡಿಯನ್ನು ಗೆರೆಯ ನಡುಮಧ್ಯಕ್ಕೆ ಮುಟ್ಟಿಸಿದರೆ ಸುಮಾರು 6 ವೋಲ್ಟ್ ತೋರಿಸಬೇಕು. 12 ಅಥವಾ ಸೊನ್ನೆ ತೋರಿಸಿದರೆ ಆ ಗೆರೆ ಎಲ್ಲೋ ಕಡಿದಿದೆ. ಮೀಟರು ಇಲ್ಲದವರು ಒಳಗೆ ಕೂತು ಗಾಜಿಗೆ ಬಾಯಿಂದ ಆವಿ ಊದಲಿ, ಮಂಜು ಹೋಗದೆ ಉಳಿದ ಪಟ್ಟಿಯೇ ಕಡಿದ ಗೆರೆ. ಕಡಿದದ್ದು ಹೇಗೆ? ಪೊಲೀಸರ ಅಭಿಯಾನಕ್ಕೆ ಹೆದರಿ ಫಿಲ್ಮನ್ನು ಬ್ಲೇಡಿನಿಂದ ಹೆರೆದದ್ದರಿಂದ. ಅಭಿಯಾನ ಮುಗಿದ ವಾರ ಹೊಸ ಫಿಲ್ಮು ಬಂತು, ಗೆರೆ ಬರಲಿಲ್ಲ. ಸಣ್ಣ ಕಡಿತಕ್ಕೆ ಬೆಳ್ಳಿಯ ಕಂಡಕ್ಟಿವ್ ಪೇಂಟಿನ ಚುಕ್ಕೆ ಇಟ್ಟರೆ ಸಾಕು. ಇನ್ನು ಗಾಜಿಗೆ ನೀರು ಚಿಮ್ಮಿಸುವ ವಾಷರಿನ ಪೈಪನ್ನು ಮರಳಿ ಸಿಕ್ಕಿಸದೆ ಪ್ಯಾನೆಲ್ ಮುಚ್ಚುವುದು ಈ ಕಸುಬಿನ ಖಾಯಂ ಮರೆವು. ಆಮೇಲೆ ಸೋರಿಕೆ ಹುಡುಕುತ್ತ ಗಾಜನ್ನೇ ಮತ್ತೆ ಬಿಚ್ಚಿದವರಿದ್ದಾರೆ.

ಗಾಜು ಕೂತ ಮೇಲೆ ಸೂತಕ. ಗಾಡಿ ಹೊರಡಿಸಲು ಎಷ್ಟು ಹೊತ್ತು ಎಂಬುದು ಅಂಟಿನ ಟ್ಯೂಬಿನ ಮೇಲೆಯೇ ಇರುತ್ತದೆ, ಒಂದು ಗಂಟೆಯಿಂದ ಹಲವು ಗಂಟೆ. ಪೂರ್ತಿ ಗಟ್ಟಿಯಾಗುವುದು ಹೊರಗಿನಿಂದ ಒಳಕ್ಕೆ, ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್. ಮಳೆಗಾಲದ ತೇವ ಇದಕ್ಕೆ ಒಳ್ಳೆಯದು, ಆದರೆ ಹಚ್ಚುವ ಮೊದಲು ಅಂಚು ಒದ್ದೆಯಿದ್ದರೆ ಎಲ್ಲ ವ್ಯರ್ಥ. ಒಂದೆರಡು ದಿನ ಪ್ರೆಷರ್ ವಾಷ್ ಬೇಡ. ಗಾಜು ಹಿಡಿದ ಟೇಪು ಕೀಳಬೇಡಿ. ಕಿಟಕಿಯೊಂದನ್ನು ಎರಡು ಬೆರಳು ಇಳಿಸಿಡಿ, ಇಲ್ಲವಾದರೆ ಬಾಗಿಲು ಬಡಿದಾಗಲೆಲ್ಲ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ದೂಡುತ್ತದೆ. ಡಿಕ್ಕಿಯನ್ನಂತೂ ಧಡಾರನೆ ಹಾಕಲೇಬಾರದು.

ಮಾಲೀಕರು ಎಲ್ಲಕ್ಕೂ ತಲೆಯಾಡಿಸಿ ಹೊರಡುತ್ತಾರೆ. ಕುರ್ಲಾದಿಂದ ಭಾಂಡುಪ್‌ವರೆಗೆ ಕನ್ನಡಿಯಲ್ಲಿ ಹಿಂದಿನದೆಲ್ಲ ಕಾಣುತ್ತದೆ: ರಿಕ್ಷಾ, ರಿಕ್ಷಾದವನ ಮುಖ, ಅವನು ಬಯ್ಯುತ್ತಿರುವುದು. ಎಷ್ಟೋ ವರ್ಷದ ಮೇಲೆ ಕಂಡ ದೃಶ್ಯ, ಕೊಂಚ ಮುಜುಗರವೇ ಆಗುತ್ತದೆ. ಸ್ಟಿಕ್ಕರಿನವನಿಗೆ ದಾರಿಯಲ್ಲೇ ಫೋನು, ನಾಳೆ ಬೆಳಿಗ್ಗೆ ಬರುತ್ತಾನಂತೆ. ಸೊಸೈಟಿಯ ಗೇಟು ಬರುತ್ತದೆ. ಗಾಡಿ ರಿವರ್ಸಿಗೆ ಬೀಳುತ್ತದೆ. ಅಂಟು ಹಚ್ಚಿ ಇನ್ನೂ ಎರಡು ಗಂಟೆಯಾಗಿಲ್ಲ. ಕುರ್ಚಿಯಿಂದೆದ್ದ ವಾಚ್‌ಮನ್ ತಂಬಾಕು ಉಗುಳಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದೆ ಬಂದು ನಿಲ್ಲುತ್ತಾನೆ.

"ಆನೇ ದೋ, ಸಾಬ್, ಆನೇ ದೋ."

ಫಟ್.