ಡ್ರಿಫ್ಟ್ ಕಾರಿಗೆ ಎಂಜಿನ್ ಹುಡುಕುವಾಗ ಎಚ್‌ಪಿ ಕೊನೆಗೆ ನೋಡಿ

ಡ್ರಿಫ್ಟ್ ಅಂದರೆ ಹಿಂದಿನ ಟೈರು ಜಾರಿಸುತ್ತಾ ತಿರುವಿನಲ್ಲಿ ಕಾರನ್ನು ಅಡ್ಡಡ್ಡ ಓಡಿಸುವ ಆಟ. ಆ ಕಾರಿಗೆ ಬೇರೆ ಎಂಜಿನ್ ಕೂರಿಸಬೇಕು ಅಂತ ಹೊರಟವರ ಬಾಯಲ್ಲಿ ಮೊದಲು ಬರುವುದೇ ಎಚ್‌ಪಿ, ಅಂದರೆ ಅಶ್ವಶಕ್ತಿ. ಐನೂರು ಬೇಕು, ಆರುನೂರು ಬೇಕು. ಅದರ ಹಿಂದೆಯೇ 2ಜೆಝಡ್ ಅನ್ನುವ ಟೊಯೋಟಾ ಎಂಜಿನ್ ಹೆಸರು. ಆಸೆ ತಪ್ಪಲ್ಲ. ಆದರೆ ಅಲ್ಲಿಂದ ಶುರು ಮಾಡಿದವರ ಕಾರು ಟ್ರ್ಯಾಕ್‌ಗಿಂತ ಗ್ಯಾರೇಜಿನಲ್ಲೇ ಜಾಸ್ತಿ ನಿಂತಿರುತ್ತದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು ಬೇರೆ. ಈ ಎಂಜಿನ್ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ? ಒಳಗೆ ಏನನ್ನೂ ಬಿಚ್ಚದೆ, ಇಡೀ ದಿನ ಓಡಿಸಿದರೆ ತಡೆಯುತ್ತದೆಯಾ?

ಕಾರು ಅಡ್ಡಡ್ಡ ಹೋಗುವಾಗ ಅದರ ಕೋನವನ್ನು ಸ್ಟೇರಿಂಗ್ ಎಷ್ಟು ಹಿಡಿದಿಡುತ್ತದೋ ಬಲಗಾಲೂ ಅಷ್ಟೇ ಹಿಡಿದಿಡುತ್ತದೆ. ಪೆಡಲ್ ಸ್ವಲ್ಪ ಬಿಟ್ಟರೆ ಹಿಂದಿನ ಟೈರಿಗೆ ಹಿಡಿತ ಸಿಕ್ಕಿ ಕಾರು ನೆಟ್ಟಗಾಗಲು ನೋಡುತ್ತದೆ. ಒತ್ತಿದರೆ ಹಿಂಭಾಗ ಇನ್ನಷ್ಟು ಹೊರಗೆ ಸರಿಯುತ್ತದೆ. ಈಗ ದೊಡ್ಡ ಟರ್ಬೊ (ಹೊಗೆಯ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿದ ಎಂಜಿನ್ ಇದೆ ಅಂದುಕೊಳ್ಳಿ. ತಿರುವಿನ ನಡುವೆ ಆರ್‌ಪಿಎಂ ಇಳಿದಿದೆ. ನೀವು ಒತ್ತುತ್ತೀರಿ, ಏನೂ ಬರುವುದಿಲ್ಲ. ಇನ್ನೂ ಒತ್ತುತ್ತೀರಿ, ಅಷ್ಟರಲ್ಲಿ ಕಾರು ನೆಟ್ಟಗಾಗುತ್ತಿರುತ್ತದೆ. ಆಮೇಲೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಒಂದೇ ಸಲ ನುಗ್ಗುತ್ತದೆ, ಹಿಂಭಾಗ ಎಸೆದಂತೆ ತಿರುಗಿ ಕಾರು ಸ್ಪಿನ್ ಆಗುತ್ತದೆ. ಪಳಗಿದವರು ಕ್ಲಚ್ ಒದ್ದು, ಅಂದರೆ ಸರಕ್ಕನೆ ಒತ್ತಿ ಬಿಟ್ಟು, ಆರ್‌ಪಿಎಂ ಏರಿಸಿಕೊಂಡು ನಿಭಾಯಿಸುತ್ತಾರೆ. ಕಲಿಯುವವರಿಗೆ ಅದು ಸುಮ್ನೆ ಹಿಂಸೆ.

ಇದನ್ನು ತೋರಿಸಲು ಟೊಯೋಟಾದ 1ಜೆಝಡ್-ಜಿಟಿಇಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2.5 ಲೀಟರ್, ಆರು ಸಿಲಿಂಡರ್. 1990ರಲ್ಲಿ ಬಂದಾಗ ಎರಡು ಟರ್ಬೊ ಇದ್ದವು, 280 ಪಿಎಸ್ (ಒಂದು ಪಿಎಸ್ ಹೆಚ್ಚುಕಡಿಮೆ ಒಂದು ಎಚ್‌ಪಿಯಷ್ಟೇ). 1996ರಲ್ಲಿ ವಾಲ್ವ್ ತೆರೆಯುವ ಸಮಯ ಬದಲಿಸುವ ವಿವಿಟಿ-ಐ ಸೇರಿಸಿ ಒಂದೇ ಟರ್ಬೊ ಕೊಟ್ಟರು. ಕಾಗದದ ಮೇಲೆ ಆಗಲೂ 280 ಪಿಎಸ್ಸೇ. ಎಚ್‌ಪಿ ನೋಡಿ ಕೊಳ್ಳುವವರಿಗೆ ಎರಡೂ ಒಂದೇ. ಆದರೆ ಹಳೆಯದರ ಗರಿಷ್ಠ ಟಾರ್ಕ್ 363 ನ್ಯೂಟನ್ ಮೀಟರ್, ಅದು ಸಿಗುವುದು 4800 ಆರ್‌ಪಿಎಂನಲ್ಲಿ. ಹೊಸದರದ್ದು 378, ಅದೂ 2400ರಲ್ಲೇ. ತಿರುವಿನ ನಡುವೆ ಕಾಲು ಬಿಟ್ಟು ಮತ್ತೆ ಒತ್ತಿದಾಗ ಈ ಎರಡು ಎಂಜಿನ್ ಬೇರೆ ಬೇರೆ ಜಾತಿಯವು. ಎರಡೂ ಸಿಕ್ಕರೆ ನಾನು ಕಣ್ಣುಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ.

2ಜೆಝಡ್ ಕೆಟ್ಟದ್ದು ಅಂತ ಯಾರೂ ಹೇಳಲಾರರು. ಅದರ ಎರಕದ ಕಬ್ಬಿಣದ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಭಾಗ) ಎಷ್ಟು ಗಟ್ಟಿ ಅಂತ ಎಲ್ಲರಿಗೂ ಗೊತ್ತು. ಆದರೆ ಅದನ್ನು ನಿಸ್ಸಾನ್ ಸಿಲ್ವಿಯಾದಂಥ ಸಣ್ಣ ಕಾರಿನ ಬಾನೆಟ್ ಕೆಳಗೆ ಕೂರಿಸಿ ನೋಡಿ. ಸಿಲ್ವಿಯಾದ ಸ್ವಂತ ಎಂಜಿನ್ ಎಸ್‌ಆರ್20. ಅದರ ಬೋರ್ (ಸಿಲಿಂಡರಿನ ಅಗಲ) 86 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 86. 2ಜೆಝಡ್‌ದೂ ಅದೇ ಅಳತೆ. ಅಲ್ಲಿ ನಾಲ್ಕು ಸಿಲಿಂಡರ್, ಇಲ್ಲಿ ಆರು, ಎಲ್ಲ ಒಂದೇ ಸಾಲಿನಲ್ಲಿ. ಅಂದರೆ ಇನ್ನೂ ಎರಡು ಸಿಲಿಂಡರ್‌ನಷ್ಟು ಉದ್ದ, ಅದೂ ಅಲ್ಯುಮಿನಿಯಂ ಬದಲು ಕಬ್ಬಿಣದ್ದು. ಒಂದೋ ಭಾರ ಮುಂದಕ್ಕೆ ಬರುತ್ತದೆ, ಇಲ್ಲವೇ ಎಂಜಿನ್ ಹಿಂದಿನ ಗೋಡೆಯ (ಫೈರ್‌ವಾಲ್) ಕಡೆಗೆ ತಳ್ಳಬೇಕು. ರೇಡಿಯೇಟರ್‌ಗೆ ಜಾಗ ಇಕ್ಕಟ್ಟಾಗುತ್ತದೆ.

ಇಲ್ಲಿ ಅಮೆರಿಕದ ವಿ8, ಅಂದರೆ ವಿ ಆಕಾರದಲ್ಲಿ ನಾಲ್ಕು ನಾಲ್ಕರ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್ ಬಗ್ಗೆ ಒಂದು ಮಾತು. ವಿ8 ಅಂದ ತಕ್ಷಣ ದೊಡ್ಡದು, ಭಾರ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಜನರಲ್ ಮೋಟರ್ಸ್‌ನವರ ಎಲ್‌ಎಸ್1 1997ರ ಕಾರ್ವೆಟ್‌ನಲ್ಲಿ ಬಂತು. 5.7 ಲೀಟರ್, 345 ಎಚ್‌ಪಿ, ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ಎರಡೂ ಅಲ್ಯುಮಿನಿಯಂ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಹೆಡ್‌ನಲ್ಲಿಲ್ಲ, ಬ್ಲಾಕ್ ಒಳಗೇ ಇದೆ. ಪುಶ್‌ರಾಡ್ ಅನ್ನುವ ಕಡ್ಡಿಯ ಮೂಲಕ ವಾಲ್ವ್ ತೆರೆಯುತ್ತದೆ. ಹಾಗಾಗಿ ಹೆಡ್ ಚಿಕ್ಕದು, ಎಂಜಿನ್ ಕುಳ್ಳಗಿದೆ, ಎರಡು ಸಾಲಾದ್ದರಿಂದ ಉದ್ದವೂ ಕಡಿಮೆ. ಹಿಂದಕ್ಕೆ ಸರಿಸಿ ಕೂರಿಸಬಹುದು. ಟರ್ಬೊ ಇಲ್ಲ, ಇಂಟರ್‌ಕೂಲರ್ ಇಲ್ಲ, ಅವುಗಳ ಪೈಪಿನ ಜಂಜಾಟ ಇಲ್ಲ. ಕಾಲು ಒತ್ತಿದಷ್ಟೇ ಸಿಗುತ್ತದೆ, ಒತ್ತಿದ ಕ್ಷಣಕ್ಕೇ ಸಿಗುತ್ತದೆ. ಇದೇ ಕುಟುಂಬದ ಟ್ರಕ್ ಎಂಜಿನ್‌ಗಳಲ್ಲಿ ಹಲವು ಕಬ್ಬಿಣದ ಬ್ಲಾಕಿನವು, ಭಾರ ಜಾಸ್ತಿ, ನೋಡಿ ತೆಗೆದುಕೊಳ್ಳಿ. ಜಪಾನಿನ ಕಾರಿಗೆ ಅಮೆರಿಕದ ಹೃದಯ ಹಾಕುವುದು ಅಪಚಾರ ಅನ್ನುವವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೂ ದೊಡ್ಡ ಶಕ್ತಿ ಬೇಕು, ತಲೆನೋವು ಕಡಿಮೆ ಇರಬೇಕು ಅನ್ನುವವರಿಗೆ ನನ್ನ ಉತ್ತರ ಇದೇ.

ಹೊಸದಾಗಿ ಕಲಿಯುವವರಿಗೆ ಇದೂ ಬೇಡ. ಹಗುರವಾದ ಕಾರಿನಲ್ಲಿ ಆರೋಗ್ಯವಾಗಿರುವ ಎಸ್‌ಆರ್20 ಸಾಕು. ಎಸ್15 ಮಾದರಿಯ ಸಿಲ್ವಿಯಾದಲ್ಲಿ ಅದರ ಟರ್ಬೊ ರೂಪ 250 ಪಿಎಸ್ ಕೊಡುತ್ತಿತ್ತು. ಸಿಲ್ವಿಯಾಕ್ಕಾದರೆ ಹೊಸ ಮೌಂಟಿಂಗ್ ವೆಲ್ಡ್ ಮಾಡಿಸುವ ಕೆಲಸವೂ ಇಲ್ಲ. ಒಂದೇ ಎಚ್ಚರ: ಲಿಮಿಟರ್‌ಗೆ (ಆರ್‌ಪಿಎಂನ ಗರಿಷ್ಠ ಮಿತಿಗೆ) ಬಡಿಯುತ್ತಲೇ ಓಡಿಸಿದರೆ ಇದರ ವಾಲ್ವ್ ಒತ್ತುವ ರಾಕರ್ ಆರ್ಮ್ ಕಳಚಿಕೊಳ್ಳಬಹುದು. ಅದಕ್ಕೆ ಸ್ಟಾಪರ್ ಸಿಗುತ್ತದೆ, ಹಾಕಿಸಿ.

ಇನ್ನು ಆಯಿಲ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಉದ್ದನೆಯ ತಿರುವಿನಲ್ಲಿ ಕಾರು ಪಕ್ಕಕ್ಕೆ ಜಾರುತ್ತಾ ಹೋಗುವಾಗ ಸಂಪ್‌ನಲ್ಲಿರುವ (ಎಂಜಿನ್ ಅಡಿಯ ತೊಟ್ಟಿಯಲ್ಲಿರುವ) ಆಯಿಲ್ ಒಂದು ಪಕ್ಕಕ್ಕೆ ಏರಿ ನಿಲ್ಲುತ್ತದೆ. ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿ ಬರಿದಾಗುತ್ತದೆ. ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ. ಪ್ರೆಶರ್ ಗೇಜಿನ ಮುಳ್ಳು ಸರಕ್ಕನೆ ಇಳಿಯುತ್ತದೆ. ಎಂಜಿನ್ ಮಾತ್ರ ಆಗ 6000 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಮೊದಲು ಒಣಗುವುದು ಕನೆಕ್ಟಿಂಗ್ ರಾಡಿನ ಬೇರಿಂಗ್. ಕೆಳಗಿನಿಂದ ಟಕ ಟಕ ಸದ್ದು ಬಂತೆಂದರೆ ಮುಗಿಯಿತು, ಆ ಎಂಜಿನ್ ಬಿಚ್ಚಲೇಬೇಕು. ನಿಸ್ಸಾನ್‌ನ ಆರ್‌ಬಿ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆ. ಜಾಸ್ತಿ ಆರ್‌ಪಿಎಂನಲ್ಲಿ ಆಯಿಲ್ ಮೇಲೆ ಹೆಡ್‌ನಲ್ಲೇ ಸೇರಿಕೊಂಡು ಬೇಗ ಕೆಳಗಿಳಿಯುವುದಿಲ್ಲ. ಯಾವ ಎಂಜಿನ್ ಆದರೂ ಸಂಪ್ ಒಳಗೆ ಬ್ಯಾಫಲ್ (ಆಯಿಲ್ ಪಕ್ಕಕ್ಕೆ ಓಡದಂತೆ ತಡೆಯುವ ತಗಡು) ಹಾಕಿಸದೆ ಟ್ರ್ಯಾಕ್‌ಗೆ ಇಳಿಸಬೇಡಿ. ಆ ಸಂಪ್ ನಿಮ್ಮ ಕಾರಿನ ಕ್ರಾಸ್‌ಮೆಂಬರ್‌ಗೆ (ಎಂಜಿನ್ ಕೆಳಗಿನ ಅಡ್ಡ ಚೌಕಟ್ಟಿಗೆ) ತಾಗುತ್ತದೆಯಾ ಅಂತ ಎಂಜಿನ್‌ಗೆ ದುಡ್ಡು ಕೊಡುವ ಮೊದಲೇ ಅಳೆಯಿರಿ. ಪೆಟ್ರೋಲ್ ಟ್ಯಾಂಕಿನಲ್ಲೂ ಇದೇ ಕಥೆ, ಅದಕ್ಕೆ ಸದಾ ಪೆಟ್ರೋಲ್ ತುಂಬಿರುವ ಪುಟ್ಟ ಸರ್ಜ್ ಟ್ಯಾಂಕ್ ಬೇಕು.

ಬಿಸಿಯೂ ಅಷ್ಟೇ. ಆರ್‌ಪಿಎಂ ಮೇಲಿರುತ್ತದೆ, ಕಾರಿನ ವೇಗ ಕಡಿಮೆ, ಗಾಳಿ ಪಕ್ಕದಿಂದ ಬರುತ್ತದೆ. ದೊಡ್ಡ ಮಟ್ಟದಲ್ಲಿ ಸ್ಪರ್ಧಿಸುವ ಎಷ್ಟೋ ಕಾರುಗಳಲ್ಲಿ ರೇಡಿಯೇಟರ್ ಹಿಂದಿನ ಡಿಕ್ಕಿಯಲ್ಲಿರುತ್ತದೆ. ಮುಂದೆ ಗುದ್ದಿದರೂ ಅದಕ್ಕೆ ಏಟು ಬೀಳುವುದಿಲ್ಲ.

ಎಂಜಿನ್ ಒಂದನ್ನೇ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದು ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಸೆನ್ಸರ್ ಎಲ್ಲ ಒಟ್ಟಿಗೆ ಬರಬೇಕು. ಕತ್ತರಿಸಿದ ವೈರಿಂಗ್ ಜೊತೆ ಗುದ್ದಾಡುವಷ್ಟರಲ್ಲಿ ಉಳಿಸಿದ ದುಡ್ಡು ಕರಗಿರುತ್ತದೆ. ಟಾರ್ಕ್ ಜಾಸ್ತಿಯಾದರೆ ಹಳೆಯ ಗೇರ್‌ಬಾಕ್ಸ್ ತಡೆಯುವುದಿಲ್ಲ. ಕ್ಲಚ್ ಒದ್ದಾಗ ಬೀಳುವ ಏಟೆಲ್ಲ ಅದರ ಹಲ್ಲಿಗೇ. ಅದಕ್ಕೇ ಬಹಳ ಜನ ನಿಸ್ಸಾನ್ 350ಝಡ್‌ನ ಆರು ಗೇರಿನ ಬಾಕ್ಸ್ ತಂದು ಅಡಾಪ್ಟರ್ ಹಾಕಿ ಬೇರೆ ಕಂಪನಿಯ ಎಂಜಿನ್‌ಗೂ ಜೋಡಿಸುತ್ತಾರೆ. ಆಗ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಉದ್ದ ಬದಲಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹಳೇ ಎಂಜಿನ್ ನೋಡಲು ಹೋದಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುಗಿಸಿ. ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಪೇಸ್ಟ್ ಇದ್ದರೆ ಒಳಗೆ ನೀರು ಸೇರಿರುವ ಸಾಧ್ಯತೆ ಇದೆ. ಎಲ್ಲ ಸಿಲಿಂಡರ್‌ನ ಕಂಪ್ರೆಶನ್ (ಒಳಗೆ ಏಳುವ ಒತ್ತಡ) ನಿಮ್ಮ ಕಣ್ಣೆದುರೇ ಅಳೆಸಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕೆಳಗಿದ್ದರೆ ಎಷ್ಟೇ ಚೌಕಾಸಿಗೆ ಒಪ್ಪಿದರೂ ಬಿಟ್ಟುಬನ್ನಿ. ಮಾರುವವನು ಅಳೆಯಲು ಬಿಡದಿದ್ದರೂ ಬಿಟ್ಟುಬನ್ನಿ.