ಮಧ್ಯಾಹ್ನ ಎರಡು ಗಂಟೆಯ ಮಾತು

ಈ ಸೋಮವಾರದಿಂದ ಟಿವಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಂದು ಹೊಸ ಕಾರ್ಯಕ್ರಮ ಶುರುವಾಗಿದೆ. ನಾಲ್ಕು ಜನ ಹೆಂಗಸರು ಕೂತು ಮಾತಾಡುತ್ತಾರೆ, ಅಷ್ಟೇ. ಧಾರಾವಾಹಿ ಅಲ್ಲ, ಅಡುಗೆ ಅಲ್ಲ, ಜ್ಯೋತಿಷ್ಯ ಅಲ್ಲ. ಐದು ದಿನವೂ ತಪ್ಪದೆ ನೋಡಿದೆ. ನಾನೊಬ್ಬಳೇ ಅಲ್ಲ. ನಮ್ಮಲ್ಲಿ ಈಗ ಕೊನೆಕೊಯ್ಲು, ಜಗಲಿ ತುಂಬಾ ಹಸಿ ಅಡಿಕೆ, ಮೆಟ್ಟುಗತ್ತಿ ಹಾಕಿಕೊಂಡು ಏಳು ಜನ ಸುಲಿಯಲು ಕೂರುತ್ತೇವೆ. ಟಿವಿ ಮೇಜನ್ನೇ ಬಾಗಿಲವರೆಗೆ ಎಳೆದು ಜಗಲಿ ಕಡೆ ತಿರುಗಿಸಿದ್ದೇವೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಬಂದರೆ ನಮ್ಮೂರು, ಕರೆಂಟು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ, ಈ ವಾರ ಪುಣ್ಯಕ್ಕೆ ಆ ಹೊತ್ತಿಗೆ ಇತ್ತು.

ಇಂಥದ್ದನ್ನು ನಾನು ಮೊದಲು ನೋಡಿದ್ದು 2010ರಲ್ಲಿ, ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಹೋದಾಗ. ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಮಲಗಿಸಿದ ಮೇಲೆ ಮಧ್ಯಾಹ್ನ ಮಾಡಲು ಏನೂ ಕೆಲಸ ಇರುತ್ತಿರಲಿಲ್ಲ. ಆ ಅಕ್ಟೋಬರ್‌ನಲ್ಲೇ ಅಲ್ಲಿ ‘ದಿ ಟಾಕ್’ ಅನ್ನುವುದು ಶುರುವಾಯಿತು. ಅದೂ ಎರಡು ಗಂಟೆಗೇ! 1956ರಿಂದ 54 ವರ್ಷ ಓಡಿದ ಒಂದು ಧಾರಾವಾಹಿ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು, ಆ ಜಾಗಕ್ಕೆ ಇದನ್ನು ತಂದಿದ್ದರು. ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಮಗಳು ಹೇಳುತ್ತಿದ್ದಳು. ಅದನ್ನು ಶುರು ಮಾಡಿದ ನಟಿ ಸಾರಾ ಗಿಲ್ಬರ್ಟ್‌ಗೆ ಈ ಯೋಚನೆ ಬಂದಿದ್ದು ಮಕ್ಕಳಾದ ಮೇಲೆ ಬೇರೆ ತಾಯಂದಿರ ಜೊತೆ ಕೂತು ಕಷ್ಟಸುಖ ಮಾತಾಡುವಾಗಲಂತೆ. ಅದನ್ನು ಕೇಳಿದಾಗ ನನ್ನ ಕಣ್ಣಿಗೆ ಬಂದಿದ್ದು ನಮ್ಮ ಜಗಲಿ. ಅಡಿಕೆ ಸುಲಿಯುವಾಗ ನಾವು ಮಾಡುವುದು ಅದನ್ನೇ ಅಲ್ವಾ?

ಅಲ್ಲಿ ಇದಕ್ಕೂ ಮೊದಲೇ, 1997ರಲ್ಲಿ, ಟಿವಿ ಪತ್ರಕರ್ತೆ ಬಾರ್ಬರಾ ವಾಲ್ಟರ್ಸ್ ಇಂಥದ್ದೇ ‘ದಿ ವ್ಯೂ’ ಶುರು ಮಾಡಿದ್ದರು. ಆಗ ಅವರಿಗೆ 67 ವರ್ಷ, ಜೊತೆಗೆ ಕೂತಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ 22. ಬೇರೆ ಬೇರೆ ವಯಸ್ಸಿನವರನ್ನು ಬೇಕಂತಲೇ ಸೇರಿಸಿದ್ದು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆ ಆಡಿಸುತ್ತಾ ಕೂತರೆ ಅದು ಮಾತುಕತೆ ಹೇಗಾಗುತ್ತದೆ?

ನಮ್ಮ ಹೊಸ ಕಾರ್ಯಕ್ರಮದ ಮೊದಲ ಎರಡು ದಿನ ಹಾಗೇ ಇತ್ತು. ಮೂವರು ಮೂವತ್ತರ ಆಸುಪಾಸಿನವರು, ಮೂವರೂ ಬೆಂಗಳೂರಿನವರು, ಮಾತು ಚುರುಕು, ಆದರೆ ಎಲ್ಲದಕ್ಕೂ ಮೂವರದೂ ಒಂದೇ ಉತ್ತರ. ನಾಲ್ಕನೆಯವರು ಅರವತ್ತು ದಾಟಿದ, ರಿಟೈರ್ ಆದ ಟೀಚರ್. ಅವರು ಬಾಯಿ ತೆಗೆಯುವಷ್ಟರಲ್ಲಿ ಉಳಿದವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ನನಗೆ ಬೇಜಾರಾಯಿತು. ಆಕಾಶವಾಣಿ ಭದ್ರಾವತಿಯಲ್ಲಿ ಹೆಂಗಸರ ಕಾರ್ಯಕ್ರಮ ಕೇಳಿಕೊಂಡೇ ಅಡಿಕೆ ಸುಲಿದವರು ನಾವು. ಮೊದಲು ರೇಡಿಯೋದ 675 ಕಿಲೋಹರ್ಟ್ಸ್‌ನಲ್ಲಿ, ಆಮೇಲೆ ಎಫ್‌ಎಂ 103.5ರಲ್ಲಿ. ಅಲ್ಲಿ ಮಾತಾಡುವವರು ಒಂದು ವಾಕ್ಯ ಶುರು ಮಾಡಿದರೆ ಮುಗಿಸುತ್ತಿದ್ದರು.

ಬುಧವಾರ ಹೆಣ್ಣುಮಕ್ಕಳ ಆಸ್ತಿ ಪಾಲಿನ ವಿಷಯ ಬಂತು. ಚಿಕ್ಕವಳು ಚೆನ್ನಾಗಿ ತಯಾರಾಗಿ ಬಂದಿದ್ದಳು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಆಗ ಅಪ್ಪ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹೀಗಿರುವಾಗ ಕೇಳದೆ ಸುಮ್ನಿರುವುದು ನಮ್ಮದೇ ತಪ್ಪು ಅಂದಳು. ಇಬ್ಬರು ಚಪ್ಪಾಳೆ ತಟ್ಟಿದರು. ಆಗ ಟೀಚರ್ ಹೇಳಿದರು, “ನಾನು ಪಾಲು ಬೇಡ ಅಂತ ಸೈನ್ ಹಾಕಿಕೊಟ್ಟೆ ಕಣಮ್ಮ. ಕಾನೂನು ಗೊತ್ತಿದ್ದೇ ಹಾಕಿಕೊಟ್ಟೆ.”

ಜಗಲಿಯಲ್ಲಿ ಎಲ್ಲರ ಕೈಯೂ ನಿಂತಿತು. ಮೆಟ್ಟುಗತ್ತಿಯ ಟಕ್ ಟಕ್ ಇಲ್ಲ. ಟಿವಿಯಲ್ಲೂ ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಕೂತಿದ್ದರು. ಇನ್ನೇನೋ ಹೇಳುವವರಿದ್ದರು, ಬಾಯಿ ತೆಗೆದಿದ್ದೂ ಕಾಣಿಸಿತು. ಅಷ್ಟರಲ್ಲಿ ಜಾಹೀರಾತು. ಜಾಹೀರಾತು ಮುಗಿದ ಮೇಲೆ ಮುಖಕ್ಕೆ ಕಡಲೆಹಿಟ್ಟು ಹಚ್ಚುವುದು ಹೇಗೆ ಅಂತ ತೋರಿಸಲು ಒಬ್ಬರು ಬಂದರು!

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಯಾಕೆಂದರೆ ನಾನೂ ಸೈನ್ ಹಾಕಿದವಳು. ನನ್ನ ಮದುವೆ ಆಗಿದ್ದು 1982ರಲ್ಲಿ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನು ಬಂತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ. 2005ರಲ್ಲಿ ನಮ್ಮಂಥವರೂ ಸೇರಿದೆವು. 2007ರಲ್ಲಿ ಅಣ್ಣ ಹಕ್ಕು ಬಿಡುಗಡೆ ಪತ್ರ ಮಾಡಿಸಿದ. ಬೆಳಿಗ್ಗೆ ಕಾರು ತಂದು ಕರೆದುಕೊಂಡು ಹೋದ, ಸೈನ್ ಆಯಿತು, ಹೆಬ್ಬೆಟ್ಟೂ ಒತ್ತಿದ್ದಾಯಿತು, ಅತ್ತಿಗೆ ಅರಿಶಿನ ಕುಂಕುಮಕ್ಕೆ ಅಂತ ಹಸಿರು ರೇಷ್ಮೆ ಸೀರೆ ಕೊಟ್ಟರು. ಯಾರೂ ಹೆದರಿಸಲಿಲ್ಲ. ಆದರೆ ಹಾಕಲ್ಲ ಅಂದಿದ್ದರೆ ದೀಪಾವಳಿಗೆ ಯಾವ ಮನೆಗೆ ಹೋಗುತ್ತಿದ್ದೆ? ಆ ಹುಡುಗಿ ಹೇಳಿದ್ದು ಪೂರ್ತಿ ಸರಿ, ನನ್ನ ಮಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಟೀಚರ್ ಹೇಳಿದ್ದೂ ಸುಳ್ಳಲ್ಲ. ಈ ಇಬ್ಬರೂ ಎದುರುಬದುರು ಕೂತು ಇನ್ನು ಹತ್ತು ನಿಮಿಷ ಮಾತಾಡಿದ್ದರೆ ಸಾಕಿತ್ತು. ಜಗಳವೇ ಆಗಿದ್ದರೂ ಪರವಾಗಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಡದ ಮಾತು ಅದು.

ಕಾರ್ಯಕ್ರಮ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ನಾಲ್ಕು ಹೆಂಗಸರನ್ನು ಮಾತಾಡಲು ಕೂರಿಸಿದ್ದೇ ನನಗೆ ಖುಷಿ. ಗುರುವಾರ ಮಕ್ಕಳ ಪರೀಕ್ಷೆ ಬಗ್ಗೆ ಮಾತಾಡಿದರು, ಚೆನ್ನಾಗಿತ್ತು. ಆದರೆ ತೋಟದಲ್ಲಿ ದುಡಿಯುವವಳು, ಗಾರ್ಮೆಂಟ್ಸ್‌ಗೆ ಹೋಗುವವಳು, ಅಂಗನವಾಡಿ ನಡೆಸುವವಳು, ಇಂಥ ಒಬ್ಬರಾದರೂ ಆ ಸೋಫಾದಲ್ಲಿ ಬೇಕು. ಅತಿಥಿಯಾಗಿ ಬಂದು ಐದು ನಿಮಿಷ ಅತ್ತು ಹೋಗಲು ಅಲ್ಲ, ದಿನವೂ ಕೂತು ಅಭಿಪ್ರಾಯ ಹೇಳಲು. ಮತ್ತೆ ಟೀಚರ್ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕಬಾರದು.

ನಿನ್ನೆ ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಹಾಕುವಾಗ, ಎರಡು ದಿನದಿಂದ ಈ ವಿಷಯ ಎತ್ತದ, ನಮ್ಮಲ್ಲಿ ಸುಲಿಯಲು ಬರುವ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು, “ಅಮ್ಮಾ, ಆ ಟೀಚರಮ್ಮ ಸೈನ್ ಹಾಕಿದ್ ಮೇಲೆ ಅಣ್ಣ-ತಮ್ಮ ಮಾತಾಡಿಸ್ತಾರಂತಾ?”

ಚಾನೆಲ್‌ನವರ ಪೇಜಿಗೆ ಈ ಪ್ರಶ್ನೆಯನ್ನೇ ಬರೆದು ಹಾಕಿದ್ದೇನೆ. ಸೋಮವಾರ ಎರಡು ಗಂಟೆಗೆ ಟಿವಿ ಮತ್ತೆ ಬಾಗಿಲಿಗೆ ಬರುತ್ತದೆ. ಅವತ್ತು ಅಡಿಕೆ ಬೇಯಿಸುವುದೂ ಇದೆ, ಒಲೆ ನೋಡಿಕೊಳ್ಳಲು ಇವರಿಗೆ ಈಗಲೇ ಹೇಳಿಟ್ಟಿದ್ದೇನೆ.